ನೆನಪು ಕಳೆದ ತಂದೆತಾಯಿಗೆ ಒಂದು ಪ್ರಮಾಣಪತ್ರ: ಅದರ ಹಿಂದಿನ ಚರಿತ್ರೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಸಲ ಊರಿಗೆ ಬಂದಾಗ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ತಂದೆಯವರಿಗೆ ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ. ಕಾಲು ಗಟ್ಟಿಯಾಗಿವೆ, ಕಣ್ಣು ಕಿವಿ ಚೆನ್ನಾಗಿವೆ. ಆದರೆ ಗಾಡಿಯಿಂದ ಇಳಿದ ಮೇಲೆ ಯಾವ ಕಡೆಗೆ ಹೊರಡಬೇಕೆಂಬುದು ಅವರಿಗೆ ತಿಳಿಯುವುದಿಲ್ಲ. "ಸರ, ನಾವಿರೋ ಕಡೆ ಇಂಥವರಿಗೆ ಬಾಗಿಲ ಸನೇಕ ಗಾಡಿ ನಿಲ್ಲಸಾಕ ಪಾಸ್ ಕೊಡ್ತಾರ. ನಮ್ಮ ಕೊಪ್ಪಳದಾಗ ಅಂಥಾದ್ದು ಏನರ ಐತೇನ್ರಿ?" ಎಂದರು.

ಇಂಗ್ಲೆಂಡಿನಲ್ಲಿರುವಂತೆ ದೇಶಕ್ಕೆಲ್ಲ ಒಂದೇ ಆದ ವಾಹನ ನಿಲುಗಡೆಯ ಪರವಾನಗಿ ನಮ್ಮಲ್ಲಿಲ್ಲ. ಆದರೆ ಅಂಥ ಯಾವುದೇ ಸೌಲಭ್ಯವನ್ನು ಕೇಳಲು ಆಧಾರವಾಗುವ ಅಂಗವಿಕಲತೆಯ ಪ್ರಮಾಣಪತ್ರವು ಮರೆವಿನ ಕಾಯಿಲೆಯವರಿಗೂ ದೊರೆಯುತ್ತದೆ. ಈ ಸಂಗತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಬಹಳ ಕುಟುಂಬಗಳಿಗೆ ತಿಳಿದಿಲ್ಲ. ತಿಳಿದವರೂ ಅನೇಕ ಸಲ ಹಿಂಜರಿಯುತ್ತಾರೆ. ಈ ಅಜ್ಞಾನಕ್ಕೂ ಹಿಂಜರಿಕೆಗೂ ಒಂದು ಚರಿತ್ರೆ ಇದೆ. ನಡೆಯಲಾರದವನನ್ನು ಕಾನೂನು ಬೇಗ ಗುರುತಿಸಿತು; ದಾರಿ ಮರೆತವನನ್ನು ಗುರುತಿಸಲು ಅದಕ್ಕೆ ಬಹಳ ಕಾಲ ಹಿಡಿಯಿತು. ಆ ಕಾಲದ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ.

ಮೊದಲು ನಮ್ಮ ಮಾತುಗಳನ್ನೇ ನೋಡೋಣ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಹಳ್ಳಿಗಳಲ್ಲಿ "ಅಪ್ಪಗ ನೆಪ್ಪ ಉಳದಿಲ್ಲ" ಎನ್ನುತ್ತಾರೆ. ಎರಡೂ ಮಾತುಗಳಲ್ಲಿ ರೋಗದ ಭಾವನೆ ಇಲ್ಲ. ವಯಸ್ಸು ತಂದ ಬದಲಾವಣೆ ಎಂಬ ಒಪ್ಪಿಗೆ ಇದೆ. ಇದರಲ್ಲಿ ಒಳಿತೂ ಇತ್ತು. ಮುದುಕನನ್ನು ಯಾರೂ ಹುಚ್ಚನೆಂದು ದೂರ ಮಾಡಲಿಲ್ಲ. ಓಣಿಯ ಪ್ರತಿಯೊಬ್ಬರಿಗೂ ಅವನ ಗುರುತು ಇದ್ದುದರಿಂದ, ಹೊಲದ ದಾರಿ ಹಿಡಿದು ಹೋದವನನ್ನು ಯಾರಾದರೊಬ್ಬರು ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಅಂಥ ಊರಿನಲ್ಲಿ ಪ್ರಮಾಣಪತ್ರದ ಅಗತ್ಯವೇ ಬೀಳಲಿಲ್ಲ. ಆದರೆ ಇದೇ ಒಪ್ಪಿಗೆಯ ಕಾರಣದಿಂದ, ಮರೆವಿಗೆ ವೈದ್ಯರ ಬಳಿ ಹೋಗಬೇಕೆಂಬ ಯೋಚನೆಯೂ ಬರಲಿಲ್ಲ.

ವೈದ್ಯಲೋಕವೂ ಇದಕ್ಕೆ ಹೊರತಾಗಿರಲಿಲ್ಲ. 1906ರ ನವೆಂಬರಿನಲ್ಲಿ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಅಕಾಲದಲ್ಲಿ ನೆನಪು ಕಳೆದುಕೊಂಡ ಒಬ್ಬ ಮಹಿಳೆಯ ಮೆದುಳಿನ ಬದಲಾವಣೆಗಳನ್ನು ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ವಿವರಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಆ ಕಾಯಿಲೆಗೆ ಆಲ್ಝೈಮರರ ಹೆಸರನ್ನೇ ಇಟ್ಟರು. ಆದರೂ ಎಪ್ಪತ್ತು ಎಂಬತ್ತರ ವಯಸ್ಸಿನವರ ಮರೆವನ್ನು ಮುಪ್ಪಿನ ಸಹಜ ಲಕ್ಷಣವೆಂದೇ ಬಹುಕಾಲ ಎಣಿಸಲಾಯಿತು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಎಂಬ ನರರೋಗತಜ್ಞರು, ಮುದುಕರ ಮರೆವು ಮತ್ತು ಆಲ್ಝೈಮರ್ ಕಾಯಿಲೆ ಬೇರೆಬೇರೆಯಲ್ಲ, ಇದು ವ್ಯಾಪಕವಾದ ಮಾರಕ ರೋಗ ಎಂದು ಬರೆದ ಮೇಲೆ ಜಗತ್ತಿನ ದೃಷ್ಟಿ ಬದಲಾಗತೊಡಗಿತು. ಅಂದರೆ ನಮ್ಮ ಗಾದೆಯೂ ದೊಡ್ಡ ವೈದ್ಯರ ಪುಸ್ತಕಗಳೂ ಎಪ್ಪತ್ತರ ದಶಕದವರೆಗೆ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತಿದ್ದವು.

ಇನ್ನು ಸರ್ಕಾರದ ಲೆಕ್ಕ. ಬ್ರಿಟಿಷರ ಕಾಲದ ಜನಗಣತಿಯಲ್ಲಿ ನ್ಯೂನತೆಯುಳ್ಳವರನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದರು. ಕುರುಡರು, ಕಿವುಡುಮೂಕರು, ಕುಷ್ಠರೋಗಿಗಳು, ಮತಿವಿಕಲರು ಎಂಬ ನಾಲ್ಕು ವರ್ಗಗಳು 1931ರವರೆಗಿನ ಗಣತಿಗಳಲ್ಲಿ ಕಾಣುತ್ತವೆ. ಆಮೇಲೆ ಈ ಎಣಿಕೆ ನಿಂತುಹೋಯಿತು. 1981ರಲ್ಲಿ, ಅಂಗವಿಕಲರ ಅಂತರರಾಷ್ಟ್ರೀಯ ವರ್ಷದ ಸಂದರ್ಭದಲ್ಲಿ, ಮತ್ತೆ ಆರಂಭವಾದಾಗ ಕೇಳಿದ್ದು ಕುರುಡುತನ, ಮೂಕತನ ಮತ್ತು ಅಂಗ ಊನ ಮಾತ್ರ. ಮನಸ್ಸಿನ ವೈಕಲ್ಯ 2001ರ ಗಣತಿಯಲ್ಲಿ ಮರಳಿ ಬಂತು. ಮಾನಸಿಕ ಕಾಯಿಲೆಗೆ ಪ್ರತ್ಯೇಕ ಕಲಮು ದೊರೆತದ್ದು 2011ರಲ್ಲಿ. ಮರೆವಿನ ಕಾಯಿಲೆಗೆ ಅದರ ಹೆಸರಿನ ಕಲಮು ಈ ಯಾವ ಗಣತಿಯಲ್ಲೂ ಇರಲಿಲ್ಲ.

ಹಳೆಯ ಕಾನೂನಿಗೆ ಮನೋರೋಗಿಯ ವಿಷಯದಲ್ಲಿ ಎರಡೇ ಕಾಳಜಿಗಳಿದ್ದವು: ಅವನನ್ನು ಎಲ್ಲಿ ಇರಿಸಬೇಕು, ಅವನ ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು. ಬ್ರಿಟಿಷ್ ಇಂಡಿಯಾದ 1912ರ ಲ್ಯೂನಸಿ ಕಾಯ್ದೆ ಹೆಚ್ಚಾಗಿ ಈ ಎರಡನ್ನೇ ಕುರಿತದ್ದು. ನಮ್ಮ ನೆರೆಯ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ 1845ರಲ್ಲಿಯೇ ಮನೋರೋಗಿಗಳ ಆಶ್ರಯಾಲಯ ಆರಂಭವಾಗಿತ್ತು. ಮೈಸೂರು ಸೀಮೆಯವರಿಗೆ ಬೆಂಗಳೂರಿನ ಆಸ್ಪತ್ರೆ ಇತ್ತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು, ರಾಜಧಾನಿ ದೂರ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1949ರಲ್ಲಿ ಜಹಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. ಆಮೇಲೆಯೂ ನಾಲ್ಕು ದಶಕಗಳ ಕಾಲ ನಮ್ಮ ಜಿಲ್ಲಾ ಕೇಂದ್ರ ರಾಯಚೂರಾಗಿತ್ತು. ಯಲಬುರ್ಗಾ ಅಥವಾ ಕುಷ್ಟಗಿಯ ಮುದುಕ ತಂದೆಯನ್ನು ಒಂದು ಸಹಿಗಾಗಿ ರಾಯಚೂರಿಗೆ ಕರೆದೊಯ್ಯುವುದೆಂದರೆ ಏನೆಂಬುದನ್ನು ಆ ಕಾಲದವರು ಬಲ್ಲರು. 1998ರಲ್ಲಿ ಕೊಪ್ಪಳ ಜಿಲ್ಲೆ ಕಾರ್ಯಾರಂಭ ಮಾಡಿದ ಮೇಲೆ ದೊಡ್ಡ ದವಾಖಾನೆಯೂ ಕಚೇರಿಗಳೂ ಹತ್ತಿರವಾದವು. ಜಿಲ್ಲಾ ವಿಭಜನೆಯನ್ನು ನಾವು ರಾಜಕೀಯ ಘಟನೆಯೆಂದು ಓದುತ್ತೇವೆ. ರೋಗಿಯ ಮನೆಯವರಿಗೆ ಅದು ಒಂದು ದಿನದ ಪ್ರಯಾಣದ ಉಳಿತಾಯ.

ನಮ್ಮ ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ಮುಪ್ಪು, ಕಾಯಿಲೆ ಮತ್ತು ಅಂಗವಿಕಲತೆಯ ಸಂದರ್ಭದಲ್ಲಿ ಸರ್ಕಾರ ತನ್ನ ಶಕ್ತಿಯ ಮಿತಿಯೊಳಗೆ ನೆರವಾಗಬೇಕೆಂದು ಹೇಳುತ್ತದೆ. ಇಲ್ಲಿ ಮುಪ್ಪು, ಕಾಯಿಲೆ, ಅಂಗವಿಕಲತೆ ಮೂರು ಬೇರೆ ಪದಗಳಾಗಿ ನಿಂತಿವೆ. ಮರೆವಿನ ಕಾಯಿಲೆ ಈ ಮೂರರಲ್ಲಿಯೂ ಕಾಲಿಟ್ಟಿದೆ. ಆದ್ದರಿಂದಲೇ ಅದು ಬಹಳ ವರ್ಷ ಯಾವ ಕಚೇರಿಯ ಕಡತಕ್ಕೂ ಸರಿಯಾಗಿ ಸೇರಲಿಲ್ಲ. ಮುಪ್ಪಿನ ಕಚೇರಿಯವರು ಇದನ್ನು ಕಾಯಿಲೆ ಎಂದರು, ಆಸ್ಪತ್ರೆಯವರು ಮುಪ್ಪು ಎಂದರು, ಅಂಗವಿಕಲರ ಕಚೇರಿಯವರು ಕೈಕಾಲು ನೆಟ್ಟಗಿವೆಯಲ್ಲ ಎಂದರು.

ಈ ನಡುವೆ ನಮ್ಮ ಮಗ್ಗುಲಲ್ಲಿಯೇ ದೇಶಕ್ಕೆ ಮಾದರಿಯಾದ ಒಂದು ಕೆಲಸ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಿಗಳಿಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಲಾಯಿತು. ಇದೇ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಕ್ರಮೇಣ ದೇಶದಲ್ಲೆಲ್ಲ ಹಬ್ಬಿತು. ಮುಂದೆ 2014ರಲ್ಲಿ ನಮ್ಮ ರಾಜ್ಯ ಸರ್ಕಾರವು ಮನೋಚೈತನ್ಯ ಎಂಬ ಹೆಸರಿನಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮನೋವೈದ್ಯರ ಸೇವೆ ಒದಗಿಸುವ ಯೋಜನೆಯನ್ನು ತಂದಿತು. ಪ್ರಮಾಣಪತ್ರದ ಕಥೆಗೆ ಇದು ಮುಖ್ಯ. ಏಕೆಂದರೆ ಕಾನೂನು ಎಷ್ಟೇ ಉದಾರವಾಗಿದ್ದರೂ, ಸಹಿ ಮಾಡುವ ಮನೋವೈದ್ಯರು ಹತ್ತಿರ ಇಲ್ಲದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ.

ಅಂಗವಿಕಲರ ಹಕ್ಕುಗಳಿಗೆ ದೇಶದಲ್ಲಿ ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಅದು ಏಳು ವೈಕಲ್ಯಗಳನ್ನು ಪಟ್ಟಿ ಮಾಡಿತು; ಏಳನೆಯದು ಮಾನಸಿಕ ಅಸ್ವಸ್ಥತೆ. ಆದರೆ ಕಾಲಿನ ಊನವನ್ನು ಅಳೆಯುವಂತೆ ಮನಸ್ಸಿನ ಊನವನ್ನು ಅಳೆಯುವುದು ಹೇಗೆ? ಭಾರತೀಯ ಮನೋವೈದ್ಯರ ಸಂಘವು ಇದಕ್ಕಾಗಿ ಐಡಿಯಾಸ್ ಎಂಬ ಅಳತೆಗೋಲನ್ನು ಸಿದ್ಧಪಡಿಸಿತು. ಕೇಂದ್ರ ಸರ್ಕಾರ 2002ರ ಫೆಬ್ರುವರಿಯಲ್ಲಿ ಅದನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ಆಗ ಸೌಲಭ್ಯಕ್ಕೆ ಅರ್ಹವೆಂದು ಹೆಸರಿಸಿದ ಕಾಯಿಲೆಗಳು ನಾಲ್ಕು: ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ಗೀಳು ಕಾಯಿಲೆ ಮತ್ತು ಡಿಮೆನ್ಶಿಯಾ. ಮರೆವಿನ ಕಾಯಿಲೆ ತನ್ನ ಸ್ವಂತ ಹೆಸರಿನಿಂದ ಅಂಗವಿಕಲತೆಯ ಕಡತವನ್ನು ಪ್ರವೇಶಿಸಿದ್ದು ಹೀಗೆ. ಕಾಯಿಲೆ ಕನಿಷ್ಠ ಎರಡು ವರ್ಷದ್ದಾಗಿರಬೇಕೆಂಬ ನಿಯಮವೂ ಅಂದು ಇತ್ತು.

ಈ ಅಳತೆಗೋಲಿನ ಸ್ವರೂಪವನ್ನು ಮನೆಯವರು ತಿಳಿದಿರಬೇಕು. ಅದು ನಾಲ್ಕು ವಿಷಯಗಳನ್ನು ನೋಡುತ್ತದೆ: ಸ್ನಾನ, ಊಟ, ಬಟ್ಟೆ ಮುಂತಾದ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆಯ ಅವಧಿಗೂ ಅಂಕ ಸೇರುತ್ತದೆ. ಒಟ್ಟು ಶೇಕಡಾ 40 ಅಥವಾ ಹೆಚ್ಚಾದರೆ ಸೌಲಭ್ಯಗಳಿಗೆ ಅರ್ಹತೆ. 2018ರ ಜನವರಿಯಲ್ಲಿ ಬಂದ ಹೊಸ ಮಾರ್ಗಸೂಚಿಯೂ ಈ ಅಳತೆಗೋಲನ್ನೇ ಉಳಿಸಿಕೊಂಡಿತು. ಗಮನಿಸಿ, ದಾರಿ ತಪ್ಪುವುದಕ್ಕೆ ಇಲ್ಲಿ ಪ್ರತ್ಯೇಕ ಅಂಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿನಲ್ಲಿ ಓಡಾಟವೆಂಬುದು ಒಂದು ಸ್ವತಂತ್ರ ವಿಭಾಗ. ನಮ್ಮದರಲ್ಲಿ ಅದು ಇಲ್ಲ. ಮನೆಯಿಂದ ಹೊರಟು ಹಿಂದಿರುಗಲಾಗದ ತಂದೆಯ ಸ್ಥಿತಿಯನ್ನು ವೈದ್ಯರಿಗೆ ನಾವಾಗಿಯೇ ಹೇಳಬೇಕಾಗುತ್ತದೆ.

1995ರ ಕಾಯ್ದೆಯ ಸ್ಥಾನದಲ್ಲಿ 2016ರ ಕಾಯ್ದೆ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ವೈಕಲ್ಯಗಳ ಸಂಖ್ಯೆ ಏಳರಿಂದ ಇಪ್ಪತ್ತೊಂದಕ್ಕೆ ಏರಿತು. ಆ ಇಪ್ಪತ್ತೊಂದರಲ್ಲಿ ಡಿಮೆನ್ಶಿಯಾ ಎಂಬ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಆದರೆ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಆಲೋಚನೆ, ಭಾವ, ಗ್ರಹಿಕೆಗಳ ಜೊತೆಗೆ ದಿಕ್ಕು ಕಾಲಗಳ ಅರಿವು ಮತ್ತು ನೆನಪು ಎಂಬ ಎರಡು ಪದಗಳಿವೆ. ನಮ್ಮ ತಂದೆತಾಯಿಗಳು ಆ ಎರಡು ಪದಗಳ ಆಸರೆಯಲ್ಲಿ ಕಾನೂನಿನೊಳಗೆ ಬರುತ್ತಾರೆ.

ಇನ್ನು ಗಾಡಿ ನಿಲ್ಲಿಸುವ ವಿಷಯ. ಬ್ರಿಟನ್ನಿನಲ್ಲಿ ಆಲ್ಫ್ ಮಾರಿಸ್ ಎಂಬ ಸಂಸದರು ಮಂಡಿಸಿದ ಖಾಸಗಿ ಮಸೂದೆಯೊಂದು 1970ರಲ್ಲಿ ಕಾಯ್ದೆಯಾಯಿತು. ಅದರ ಆಧಾರದ ಮೇಲೆ 1971ರಲ್ಲಿ ಕಿತ್ತಳೆ ಬಣ್ಣದ ಬ್ಯಾಡ್ಜ್ ಬಂತು. 2000ದಲ್ಲಿ ಅದರ ಬದಲು ನೀಲಿ ಬ್ಯಾಡ್ಜ್ ಬಂತು. ಇದರಲ್ಲಿ ಮೆಚ್ಚತಕ್ಕ ಅಂಶವೊಂದಿದೆ: ಬ್ಯಾಡ್ಜ್ ಕೊಡುವುದು ವ್ಯಕ್ತಿಗೆ, ಆತ ಗಾಡಿ ಓಡಿಸುವವನಾಗಿರಲಿ, ಕೂತು ಹೋಗುವವನಾಗಿರಲಿ, ಯಾರ ಗಾಡಿಯಲ್ಲಿ ಹೋದರೂ ಅದು ಅವನೊಡನೆ ಹೋಗುತ್ತದೆ. ಆದರೆ ಅಲ್ಲಿಯೂ ಬಹುಕಾಲ ಪರೀಕ್ಷೆ ಕಾಲಿನದೇ ಆಗಿತ್ತು. ಕಣ್ಣಿಗೆ ಕಾಣದ ವೈಕಲ್ಯಗಳನ್ನು ಸ್ಪಷ್ಟವಾಗಿ ಸೇರಿಸಿದ್ದು ಇಂಗ್ಲೆಂಡಿನಲ್ಲಿ 2019ರ ಆಗಸ್ಟ್ 30ರಿಂದ. ತನಗಾಗಲಿ ಇತರರಿಗಾಗಲಿ ಗಂಭೀರ ಅಪಾಯವಿಲ್ಲದೆ ಈ ವ್ಯಕ್ತಿ ಪ್ರಯಾಣ ಮಾಡಬಲ್ಲನೇ ಎಂದು ಅಂದಿನಿಂದ ಕೇಳುತ್ತಾರೆ. ಐವತ್ತು ವರ್ಷಗಳ ಅನುಭವವುಳ್ಳ ದೇಶಕ್ಕೂ ಈ ಪ್ರಶ್ನೆ ಹೊಳೆಯಲು ಇಷ್ಟು ಸಮಯ ಬೇಕಾಯಿತು. ನಿಲುಗಡೆಯ ಜಾಗದಲ್ಲಿ ಬಿಡಿಸುವ ಗಾಲಿಕುರ್ಚಿಯ ಚಿತ್ರವೂ ಇದೇ ಕಥೆಯನ್ನು ಹೇಳುತ್ತದೆ. 1968ರಲ್ಲಿ ಸುಸಾನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಬರೆದ ಆ ಚಿತ್ರದಲ್ಲಿ ತಲೆಯೇ ಇರಲಿಲ್ಲ, ಬರಿಯ ಕುರ್ಚಿ ಇತ್ತು. ತಲೆಯ ದುಂಡನ್ನು ಆಮೇಲೆ ಸೇರಿಸಿದರು.

ನಮ್ಮಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. 1988ರ ಮೋಟಾರು ವಾಹನ ಕಾಯ್ದೆಯು ಅಂಗವಿಕಲನು ತಾನೇ ಓಡಿಸುವ ವಿಶೇಷ ವಾಹನವನ್ನು ಗುರುತಿಸಿತು. ಕೂತು ಹೋಗುವವನ ಕಡೆಗೆ ಕಣ್ಣು ಹರಿದದ್ದು ತಡವಾಗಿ. 2016ರ ಕಾಯ್ದೆಯ 41ನೆಯ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ನಿಲುಗಡೆ, ಶೌಚಾಲಯ, ಟಿಕೆಟ್ ಕಿಟಕಿಗಳು ಅಂಗವಿಕಲರಿಗೆ ಅನುಕೂಲವಾಗಿರಬೇಕೆನ್ನುತ್ತದೆ. ಸಂವಿಧಾನದ 41ನೆಯ ವಿಧಿ, ಕಾಯ್ದೆಯ 41ನೆಯ ಕಲಮು; ಈ ಹೊಂದಿಕೆ ಆಕಸ್ಮಿಕವಾದರೂ ನೆನಪಿಡಲು ಸುಲಭ. 2016ರಲ್ಲಿ ಕೇಂದ್ರವು ಪ್ರಕಟಿಸಿದ ಕಟ್ಟಡ ಮಾರ್ಗಸೂಚಿಯು ಮುಖ್ಯ ಬಾಗಿಲಿನಿಂದ 30 ಮೀಟರಿನೊಳಗೆ, 3.6 ಮೀಟರ್ ಅಗಲದ ಎರಡು ನಿಲುಗಡೆ ಜಾಗಗಳನ್ನು ಕಾದಿಡಬೇಕೆಂದು ಹೇಳಿತು. ಅಂದರೆ ಜಾಗದ ಮಾತು ಕಾನೂನಿನಲ್ಲಿದೆ; ಗಾಜಿಗೆ ಅಂಟಿಸುವ ಚೀಟಿ ಇಲ್ಲ. ಕಾವಲುಗಾರ ತಡೆದಾಗ ತೋರಿಸಲು ನಮ್ಮ ಕೈಯಲ್ಲಿರುವುದು ಯುಡಿಐಡಿ ಕಾರ್ಡು.

ಈಗ ಅದನ್ನು ಪಡೆಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2021ರ ಜೂನ್ 1ರಿಂದ ಪ್ರಮಾಣಪತ್ರಕ್ಕೆ ಯುಡಿಐಡಿ ಜಾಲತಾಣದ ಮೂಲಕವೇ ಅರ್ಜಿ ಹಾಕಬೇಕು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಬೇಕು. ಸ್ವತಃ ಹಾಕಲು ಬಾರದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಇವರು ಇರುವುದೇ ಈ ಕೆಲಸಕ್ಕೆ. ಆಮೇಲೆ ಮನೋವೈದ್ಯರ ಪರೀಕ್ಷೆ. 2024ರ ಅಕ್ಟೋಬರಿನ ತಿದ್ದುಪಡಿಯಂತೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಶೇಕಡಾ 40ಕ್ಕಿಂತ ಕಡಿಮೆಯಾದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಹೆಚ್ಚಾದರೆ ನೀಲಿ. ಈ ಪ್ರಮಾಣಪತ್ರ ದೇಶದಲ್ಲೆಲ್ಲ ಸಲ್ಲುತ್ತದೆ.

ಪರೀಕ್ಷೆಯ ದಿನದ ಬಗ್ಗೆ ಒಂದು ಎಚ್ಚರಿಕೆ. ಮರೆವಿನ ಕಾಯಿಲೆಯ ಹಿರಿಯರು ಹೊಸಬರ ಮುಂದೆ ಸ್ವಲ್ಪ ಹೊತ್ತು ಬಹಳ ಚೆನ್ನಾಗಿ ವರ್ತಿಸುತ್ತಾರೆ. ನಮಸ್ಕಾರ ಮಾಡುತ್ತಾರೆ, ಮಳೆ ಬೆಳೆ ವಿಚಾರಿಸುತ್ತಾರೆ, ಊಟವಾಯಿತೇ ಎಂದರೆ ಆಯಿತು ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ನೋಡುವವರಿಗೆ ಇವರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಆದ್ದರಿಂದ ದಿನವೂ ಅವರನ್ನು ನೋಡಿಕೊಳ್ಳುವವರೇ ಜೊತೆಗೆ ಹೋಗಬೇಕು. ಬಹುಪಾಲು ಮನೆಗಳಲ್ಲಿ ಅದು ಸೊಸೆ ಅಥವಾ ಮಗಳು. ಕಚೇರಿಗೆ ಹೋಗುವವನು ಮಾತ್ರ ಮಗ. ಯಾವ ದಿನ ದಾರಿ ತಪ್ಪಿದರು, ಯಾವಾಗಿನಿಂದ ಸ್ನಾನಕ್ಕೆ ಸಹಾಯ ಬೇಕಾಯಿತು, ಯಾರನ್ನು ಗುರುತಿಸಲಿಲ್ಲ ಎಂಬುದನ್ನು ದಿನಾಂಕಸಹಿತ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕಾಯಿಲೆಯ ಅವಧಿಯನ್ನು ತೋರಿಸುವ ಹಳೆಯ ಚೀಟಿಗಳನ್ನು ಎಸೆಯಬೇಡಿ.

ಕಾರ್ಡು ಬಂದ ಮೇಲೂ ಎಲ್ಲ ಬಾಗಿಲು ತೆರೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಆದರೆ ರೈಲ್ವೆಯ ರಿಯಾಯಿತಿಗೆ ತನ್ನದೇ ವರ್ಗಗಳ ಪಟ್ಟಿಯಿದೆ, ಆ ಪಟ್ಟಿ ಕಾಯ್ದೆಯ ಇಪ್ಪತ್ತೊಂದರ ಪಟ್ಟಿಯಷ್ಟು ವಿಶಾಲವಲ್ಲ. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಟಿಕೆಟ್ ಬೇಡವಾಯಿತು. ಜೊತೆಗೆ ಹೋಗುವ ಮಗನಿಗೆ ಬೇಕು. ಗವಿಮಠದ ಜಾತ್ರೆಗೆ, ಹುಣ್ಣಿಮೆಯ ದಿನ ಹುಲಿಗಿಗೆ, 575 ಮೆಟ್ಟಿಲುಗಳ ಅಂಜನಾದ್ರಿಗೆ ಬರುವ ಗಾಡಿಗಳನ್ನು ಗದ್ದಲದ ಕಾರಣ ದೂರದಲ್ಲಿಯೇ ನಿಲ್ಲಿಸುವುದು ಅನಿವಾರ್ಯ. ಅಲ್ಲಿಂದ ಗುಡಿಯವರೆಗಿನ ಜನಸಂದಣಿಯಲ್ಲಿ ಕೈ ತಪ್ಪಿದರೆ, ತಮ್ಮ ಊರು ಹೆಸರು ಹೇಳಲಾರದ ಹಿರಿಯರ ಗತಿಯೇನು? ಜಾತ್ರೆಯ ವ್ಯವಸ್ಥೆ ಮಾಡುವ ಪೊಲೀಸರೂ ಸ್ವಯಂಸೇವಕರೂ ಗಾಲಿಕುರ್ಚಿಯನ್ನು ಕಂಡರೆ ದಾರಿ ಬಿಡುತ್ತಾರೆ. ನೆಟ್ಟಗೆ ನಡೆಯುವ ಮುದುಕರ ಪರವಾಗಿ ಕಾರ್ಡು ತೋರಿಸಿ, ವಿನಯದಿಂದ ಕಾರಣ ಹೇಳಬೇಕು. ಹೀಗೆ ಹತ್ತು ಜನ ಹೇಳಿದರೆ ಹನ್ನೊಂದನೆಯವರಿಗೆ ಸುಲಭವಾಗುತ್ತದೆ. ಈ ಸ್ವಯಂಸೇವಕರಲ್ಲಿ ನನ್ನ ವಿದ್ಯಾರ್ಥಿಗಳೂ ಇರಬಹುದು. ಅವರು ಇದನ್ನು ಓದಲೆಂದು ಬರೆದಿದ್ದೇನೆ.

ಕೊನೆಯದಾಗಿ ಹಿಂಜರಿಕೆಯ ಮಾತು. ಪ್ರಮಾಣಪತ್ರದಲ್ಲಿ ಮಾನಸಿಕ ಅಸ್ವಸ್ಥತೆ ಎಂಬ ಶೀರ್ಷಿಕೆ ಇರುವುದರಿಂದ, "ನಮ್ಮ ಅಪ್ಪಗೇನು ಹುಚ್ಚು ಹಿಡದೈತೇನು?" ಎಂದು ನೊಂದು ಹಿಂದೆ ಸರಿಯುವವರನ್ನು ಕಂಡಿದ್ದೇನೆ. ಆ ನೋವು ಸುಳ್ಳಲ್ಲ. ಜೀವಮಾನವೆಲ್ಲ ಊರಿನಲ್ಲಿ ಗೌರವದಿಂದ ಬಾಳಿದ ತಂದೆಗೆ ಮಕ್ಕಳೇ ಅಂಥ ಹೆಸರು ಬರೆಸುವುದು ಕಷ್ಟ. ಆದರೆ ನಮ್ಮ ರಾಜ್ಯದಲ್ಲಿ ಅಂಗವಿಕಲ ಎಂಬ ಪದದ ಬದಲು ಬಳಕೆಗೆ ಬಂದ ವಿಕಲಚೇತನ ಎಂಬ ಪದವನ್ನು ನೋಡಿ. ಕೈಕಾಲಿನ ಊನವುಳ್ಳವರಿಗೆ ಆ ಪದ ಒಪ್ಪುವುದಿಲ್ಲ, ಅವರ ಚೇತನ ವಿಕಲವಾಗಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಮರೆವಿನ ಕಾಯಿಲೆಯವರ ಸ್ಥಿತಿಗೆ ಮಾತ್ರ ಅದು ಅಕ್ಷರಶಃ ಹೊಂದುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇಷ್ಟು ಜನರ ಪಾಲಿಗೆ ಬಂದದ್ದನ್ನು ನಮ್ಮ ಮನೆಯ ಅವಮಾನವೆಂದು ಬಚ್ಚಿಡುವ ಕಾರಣವಿಲ್ಲ.

ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ, ಹಿರಿಯರನ್ನು ಕೈಹಿಡಿದು ಮನೆಗೆ ತರುತ್ತಿದ್ದ ಓಣಿ ಅನೇಕ ಕಡೆ ಬರಿದಾಗಿದೆ. ಅದರ ಕೆಲಸವನ್ನು ಒಂದು ಕಾರ್ಡು ಮಾಡಲಾರದು. ಆದರೂ ಈ ಹಿರಿಯರು ಯಾರು, ಇವರಿಗೆ ಏನು ಬೇಕು ಎಂಬುದನ್ನು ಅವರು ತಾವೇ ಹೇಳಲಾರದ ಹೊತ್ತಿನಲ್ಲಿ ಅದು ಹೇಳುತ್ತದೆ. ಅರ್ಜಿಯನ್ನು ತಡಮಾಡದೆ, ಅವರು ಇನ್ನೂ ನಿಮ್ಮೊಡನೆ ದವಾಖಾನೆಯ ಮೆಟ್ಟಿಲು ಹತ್ತಬಲ್ಲ ದಿನಗಳಲ್ಲಿಯೇ ಹಾಕಿರಿ.